ಮರು: ಸೈಲೆನ್ಸರ್ ಕಡೆಯಿಂದ ಇಂಜಿನ್ನಿಗೆ ನೀರು – ಪದ ಬೇಕು, ಸಂಜೆಯೊಳಗೆ

> ಬೋಟಿನ ಇಂಜಿನ್ ಕೋಣೆಯ ಬಾಗಿಲಿಗೆ ಅಂಟಿಸುವ ಸೂಚನೆ. ‘ನಿಷ್ಕಾಸ ನಾಳದ ಹಿನ್ನೀರು’ ಅಂತ ಹಾಕಬಹುದಾ?

ಬೇಡ. ಹಿನ್ನೀರು ಅಂದ ಕೂಡಲೇ ಶರಾವತಿ, ಲಿಂಗನಮಕ್ಕಿ ಕಣ್ಮುಂದೆ ಬರುತ್ತವೆ. ಆ ಪದ ಆಗಲೇ ಅಣೆಕಟ್ಟಿನ ಪಾಲಾಗಿದೆ. ‘ನಿಷ್ಕಾಸ’ ಓದಿ ಬೋಟು ನಡೆಸುವ ಯಾವ ತಾಂಡೇಲನೂ ಕೈ ತಡೆಯುವುದಿಲ್ಲ. ‘ಹೊಗೆಗೊಳವೆ’ ಎಂದು ಬರೆಯಿರಿ, ಇಲ್ಲವೇ ಸುಮ್ನೆ ಸೈಲೆನ್ಸರ್ ಅನ್ನಿ. ‘ಹೊಗೆಕೊಳವೆ’ ಮಾತ್ರ ಬೇಡ. ಸಂಧಿಯನ್ನೂ ಬಿಡುವಷ್ಟು ಅವಸರ ಏನಿದೆ?

> ‘ನೀರು ನುಗ್ಗುವಿಕೆ’ ಸಾಕಲ್ವಾ?

ಸಾಲದು. ಇಲ್ಲಿ ನೀರು ನುಗ್ಗುವುದೇ ಇಲ್ಲ. ಇಂಜಿನ್ನನ್ನು ತಣಿಸಿದ ಸಮುದ್ರದ ನೀರನ್ನು ಹೊಗೆಯೇ ತಳ್ಳಿಕೊಂಡು ಹೊರಗೆ ಹೋಗುವ ಏರ್ಪಾಡು ಇದು. ಇಂಜಿನ್ ಹತ್ತದೆ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಪಂಪು ನೀರು ತುಂಬುತ್ತಲೇ ಇರುತ್ತದೆ, ತಳ್ಳಲು ಹೊಗೆ ಇರುವುದಿಲ್ಲ. ಸೈಲೆನ್ಸರಿನ ಡಬ್ಬಿ ತುಂಬಿ, ನೀರು ಕೊಳವೆಯಲ್ಲಿ ಹಿಂದಕ್ಕೆ ಏರಿ, ತೆರೆದ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕನೆಕ್ಟಿಂಗ್ ರಾಡ್ ಬಾಗಿದರೂ ಬಾಗಬಹುದು. ಉಪ್ಪುನೀರು ಬೇರೆ. ಹಾಗೇ ಬಿಟ್ಟರೆ ಒಳಗೆ ತುಕ್ಕು. ಇದಕ್ಕೆ ಮೆಕ್ಯಾನಿಕ್ ಬಾಯಲ್ಲಿ ಬರುವ ಮಾತು ‘ಇಂಜಿನ್ ನೀರು ಕುಡಿದಿದೆ’. ಅದಕ್ಕಿಂತ ಒಳ್ಳೆಯದನ್ನು ಇಲ್ಲಿ ಇನ್ನೂ ಯಾರೂ ಕೊಟ್ಟಿಲ್ಲ.

> ಸೈಲೆನ್ಸರ್, ಪಂಪು, ವಾಲ್ವು ಎಲ್ಲ ಕಿತ್ತುಹಾಕಿ. ಅಚ್ಚಗನ್ನಡದಲ್ಲಿ ಆಗದ್ದು ಏನಿದೆ?

ಬಂದರು ಪಾರಸಿ, ಲಂಗರೂ ಪಾರಸಿ. ಮೊದಲು ಅವೆರಡನ್ನು ಕಿತ್ತುಹಾಕಿ, ಬೋಟು ಎಲ್ಲಿ ನಿಲ್ಲಿಸಬೇಕು ಅಂತ ಹೇಳಿ. ಆಮೇಲೆ ಸೈಲೆನ್ಸರಿನ ಮಾತಾಡೋಣ. ಮನೆಯಲ್ಲಿ ಅಲಮಾರಿನ ಚಾವಿ ಹುಡುಕುವಾಗ ಎರಡೂ ಪೋರ್ಚುಗೀಸಿನವು ಅಂತ ಯಾರಿಗೂ ಸಿಟ್ಟು ಬರುವುದಿಲ್ಲ. ಇಂಜಿನ್ ಕೋಣೆಗೆ ಬಂದರೆ ಮಾತ್ರ ಜಾಸ್ತಿ ಮಡಿ.

ಕೇಳಿದವರಿಗೆ: ಬೋರ್ಡಿಗೆ ನಾಮಪದವೇ ಬೇಕಿಲ್ಲ. ಹೀಗೆ ಹಾಕಿ:

‘ಇಂಜಿನ್ ಹತ್ತದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಇಂಜಿನ್ ನೀರು ಕುಡಿಯುತ್ತದೆ. ಸಮುದ್ರದ ನೀರಿನ ವಾಲ್ವ್ ಮುಚ್ಚಿ ಪ್ರಯತ್ನಿಸಿ. ಹತ್ತಿದ ಕೂಡಲೇ ತೆರೆಯಿರಿ.’

ಜಾಗ ಸಾಲದು ಅಂತ ಕೊನೆಯ ಸಾಲನ್ನು ಕತ್ತರಿಸಬೇಡಿ. ನೀರಿಲ್ಲದೆ ತಿರುಗಿದರೆ ಪಂಪಿನೊಳಗಿನ ರಬ್ಬರ್ ಚಕ್ರ ಬೇಗ ಹಾಳಾಗುತ್ತದೆ.