ಟೆಸ್ಟ್ ಹಗಲು ಪಾಸ್, ರಾತ್ರಿ ಫೇಲ್: ಈಗಿನ ಸಮಯವನ್ನು ಮಾಕ್ ಮಾಡೋದು ಹೇಗೆ?

ಪ್ರಶ್ನೆ (ಕುಶಾಲನಗರದಿಂದ): ನಮಸ್ಕಾರ ಅಕ್ಕ. ಮಡಿಕೇರಿ ಕಡೆಯ ಹೋಂಸ್ಟೇಗಳಿಗೆ ಪೈಥಾನ್‌ನಲ್ಲಿ ಬುಕಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಹಿಂದಿನ ದಿನವೇ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್, ಚೆಕ್‌ಇನ್ ದಿನವೇ ಆದರೆ ಅರ್ಧ. ಟೆಸ್ಟ್‌ನಲ್ಲಿ ‘ಇವತ್ತು’ ಅನ್ನೋದನ್ನು ಭಾರತದ ಸಮಯದಿಂದ ತೆಗೆಯುತ್ತೇನೆ. ಕೋಡ್ ಮಾತ್ರ ಸರ್ವರ್‌ನ ತಾರೀಕು ನೋಡುತ್ತದೆ. ಸರ್ವರ್‌ನಲ್ಲಿ ನಡುರಾತ್ರಿ ಓಡಿದರೆ ಟೆಸ್ಟ್ ಫೇಲ್. ಈಗಿನ ಸಮಯ ಕೊಡುವ ಡೇಟ್‌ಟೈಮ್‌ನ ನೌ ಫಂಕ್ಷನ್ ಮಾಕ್ ಮಾಡಲು (ಟೆಸ್ಟ್‌ಗಾಗಿ ಅದರ ಜಾಗದಲ್ಲಿ ನಕಲಿ ಇಡಲು) ಹೋದರೆ ಟೈಪ್‌ಎರರ್ ಬರುತ್ತದೆ.

ಉತ್ತರ: ಟೆಸ್ಟ್ ಸರಿಯಾಗಿಯೇ ಹೇಳುತ್ತಿದೆ, ಅದನ್ನು ಸುಮ್ನಿರಿಸಬೇಡಿ. ಸರ್ವರ್ ಸಾಮಾನ್ಯವಾಗಿ ಯುಟಿಸಿ ಅನ್ನೋ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ನಮ್ಮಲ್ಲಿ ರಾತ್ರಿ 12ರಿಂದ ಬೆಳಗಿನ 5:30ರವರೆಗೆ ಅಲ್ಲಿ ಇನ್ನೂ ನಿನ್ನೆಯ ತಾರೀಕು. ಚೆಕ್‌ಇನ್ ದಿನ ಬೆಳಗಿನ ಜಾವ 2ಕ್ಕೆ ರದ್ದು ಮಾಡಿದವರಿಗೂ ಪೂರ್ತಿ ದುಡ್ಡು ಹೋಗುತ್ತದೆ. ನಷ್ಟ ಹೋಂಸ್ಟೇಯವರಿಗೆ, ಅಲ್ವಾ? ತಲಕಾವೇರಿ ತೀರ್ಥೋದ್ಭವದ ಮುಹೂರ್ತ ವರ್ಷ ವರ್ಷ ಬದಲಾಗುತ್ತದೆ, ಕೆಲವೊಮ್ಮೆ ರಾತ್ರಿ ಹೊತ್ತಲ್ಲೇ ಬರುತ್ತದೆ. ಆಗೆಲ್ಲ ಜನ ಆ ಹೊತ್ತಿನಲ್ಲೇ ಬುಕಿಂಗ್ ಬದಲಾಯಿಸಬಹುದು.

ಟೈಪ್‌ಎರರ್‌ಗೆ ಕಾರಣ, ಡೇಟ್‌ಟೈಮ್ ಕ್ಲಾಸ್ ಸಿ ಭಾಷೆಯಲ್ಲಿದೆ. ಅದರೊಳಗಿನ ನೌ ಒಂದನ್ನೇ ಬದಲಿಸಲು ಪೈಥಾನ್ ಬಿಡೋದಿಲ್ಲ. ನಿಮ್ಮ ಫೈಲ್‌ಗೆ ಇಂಪೋರ್ಟ್ ಆಗಿರುವ ಹೆಸರನ್ನೇ ಪ್ಯಾಚ್ ಮಾಡಬಹುದು, ಆದರೆ ಆಗ ಈಸ್‌ಇನ್‌ಸ್ಟನ್ಸ್ (ಒಂದು ಬೆಲೆ ಯಾವ ಕ್ಲಾಸ್‌ನದು ಅಂತ ನೋಡೋದು) ತರಹದ ಪರೀಕ್ಷೆಗಳು ಕೆಡುತ್ತವೆ.

ನನ್ನ ಸಲಹೆ: ಲೆಕ್ಕ ಮಾಡುವ ಫಂಕ್ಷನ್ ಗಡಿಯಾರ ನೋಡಲೇಬಾರದು. ‘ಈಗ’ ಅನ್ನೋದನ್ನು ಅದಕ್ಕೆ ಆರ್ಗ್ಯುಮೆಂಟ್ ಆಗಿ, ಅಂದರೆ ಕರೆಯುವಾಗ ಹೊರಗಿಂದ, ಕೊಡಿ. ಆಗ ಮಾಕ್ ಬೇಕೇ ಇಲ್ಲ. ಚೆಕ್‌ಇನ್ ಅಕ್ಟೋಬರ್ 17 ಅಂದುಕೊಂಡರೆ, 16ರ ರಾತ್ರಿ 11:59, 17ರ ರಾತ್ರಿ 12:01 ಅಂತ ಎರಡು ಸಮಯ ಕೊಟ್ಟು ನೋಡಿದರೆ ಮುಗಿಯಿತು. ಬೇರೆ ಕಡೆಯೂ ಹೀಗೇ, ಜಾವಾ 8ರ ಕ್ಲಾಕ್, ಡಾಟ್‌ನೆಟ್ 8ರ ಟೈಮ್‌ಪ್ರೊವೈಡರ್ ಇದೇ ಕೆಲಸಕ್ಕೆ ಇವೆ. ನಿಜವಾದ ಸಮಯವನ್ನು ಹೊರಗಿನ ಒಂದೇ ಜಾಗದಲ್ಲಿ, ಏಷ್ಯಾ/ಕೋಲ್ಕತಾ ವಲಯ ಹೇಳಿ ತೆಗೆದುಕೊಳ್ಳಿ.

ಮರುಪ್ರಶ್ನೆ: ಹಳೇ ಕೋಡ್ ತುಂಬಾ ಇದೆ ಅಕ್ಕ. ಎಲ್ಲವನ್ನೂ ಈಗಲೇ ಬದಲಿಸಲು ಆಗೋದಿಲ್ಲ. ಆರ್ಗ್ಯುಮೆಂಟ್‌ಗೆ ಡೀಫಾಲ್ಟ್ ಆಗಿ ನೌ ಕೊಟ್ಟರೆ ಸಾಕಾ?

ಉತ್ತರ: ಬೇಡ! ಪೈಥಾನ್ ಡೀಫಾಲ್ಟ್ ಬೆಲೆಯನ್ನು ಫಂಕ್ಷನ್ ಹುಟ್ಟುವಾಗ ಒಂದೇ ಸಲ ಲೆಕ್ಕ ಹಾಕುತ್ತದೆ. ಸರ್ವರ್ ಶುರುವಾದ ಗಳಿಗೆಯೇ ದಿನವಿಡೀ ‘ಈಗ’ ಆಗಿಬಿಡುತ್ತದೆ. ಡೀಫಾಲ್ಟ್ None (ಏನೂ ಕೊಟ್ಟಿಲ್ಲ ಅಂತ) ಇರಲಿ, ಒಳಗೆ None ಆಗಿದ್ದರೆ ಮಾತ್ರ ಗಡಿಯಾರ ನೋಡಲಿ.

ಮುಟ್ಟಲಾಗದ ಹಳೇ ಕೋಡ್‌ಗೆ, ಟೆಸ್ಟ್‌ನಲ್ಲಿ ಸಮಯವನ್ನು ನಾವು ಹೇಳಿದಲ್ಲಿ ನಿಲ್ಲಿಸುವ ಫ್ರೀಜ್‌ಗನ್ ಲೈಬ್ರರಿ ಬಳಸಿ. ಒಂದು ಎಚ್ಚರ: ವಲಯ ಹೇಳದೆ ಕೊಟ್ಟ ಸಮಯವನ್ನು ಅದು ಯುಟಿಸಿ ಅಂತಲೇ ತಿಳಿಯುತ್ತದೆ. ನಮ್ಮ 17ರ ರಾತ್ರಿ 12:10 ಬೇಕಿದ್ದರೆ 16ರ 18:40 ಅಂತ ಕೊಡಬೇಕು.