ಸಣ್ಣ ಸಭೆಯಲ್ಲಿ ಒಂಟಿ ಅನಿಸಿದಾಗ ನೀವು ಏನು ಮಾಡಿದಿರಿ?

ಧಾರವಾಡದವಳು, ಈಗ ಸ್ಕಾಟ್ಲೆಂಡ್‌ನಲ್ಲಿ

ಎಲ್ಲರಿಗೂ ವಂದನೆಗಳು. ನಾನು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವಳು. ಎಂಟು ತಿಂಗಳ ಹಿಂದೆ ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಒಂದು ಸಣ್ಣ ಊರಿಗೆ ಬಂದೆವು. ನಾನು ಕೇರ್ ಹೋಮ್‌ನಲ್ಲಿ ನರ್ಸ್, ವಾರಕ್ಕೆ ಮೂರು ರಾತ್ರಿ ಡ್ಯೂಟಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಸಭೆ ಇದೆ. ಪ್ರೆಸ್ಬಿಟೇರಿಯನ್ ಸಭೆ, ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡ. 30–40 ಜನ ಬರುತ್ತಾರೆ, ಹೆಚ್ಚಿನವರು ಎಪ್ಪತ್ತು ದಾಟಿದವರು.

ಎಲ್ಲರೂ ನಗುತ್ತಾರೆ, ಮಳೆ ಚಳಿಯ ಮಾತಾಡುತ್ತಾರೆ, ಅಷ್ಟೇ. ಇಲ್ಲಿವರೆಗೆ ಒಬ್ಬರೂ ಮನೆಗೆ ಬಂದಿಲ್ಲ. ನಮ್ಮೂರಲ್ಲಿ ಎರಡು ಭಾನುವಾರ ಕಾಣಿಸದಿದ್ದರೆ ಅಯ್ಯನವರು (ಪಾದ್ರಿ) ಸ್ಕೂಟರ್ ಹತ್ತಿ ಬಂದುಬಿಡುತ್ತಿದ್ದರು. ಇಲ್ಲಿ ಅಯ್ಯನವರೇ ಇಲ್ಲ. ಹಿಂದಿನವರು ನಿವೃತ್ತರಾಗಿ ವರ್ಷವಾಯಿತಂತೆ. ಪಕ್ಕದೂರಿನ ಸಭೆಯ ಜೊತೆ ಸೇರಿಸುತ್ತಾರೆ ಅನ್ನುವ ಮಾತೂ ಇದೆ.

ಊರಲ್ಲಿ ಅಮ್ಮನಿಗೆ ಡಯಾಲಿಸಿಸ್ ಶುರುವಾಗಿದೆ. ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು ಪ್ರಾರ್ಥನೆಗೆ ಕೂತರೆ ಬಾಯಲ್ಲಿ ಮಾತೇ ಬರುವುದಿಲ್ಲ. ಕಾರಿನಲ್ಲಿ 40 ನಿಮಿಷ ಹೋದರೆ ನಗರದಲ್ಲಿ ಯುವಜನರು ತುಂಬಿದ ದೊಡ್ಡ ಸಭೆ ಇದೆ. ಅಲ್ಲಿಗೆ ಹೋಗಲಾ, ಇಲ್ಲೇ ಇರಲಾ? ಇಂಥ ದಿನಗಳನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಉಡುಪಿಯವಳು, ಗ್ಲಾಸ್ಗೋ ಹತ್ತಿರ 11 ವರ್ಷದಿಂದ

ತಂಗಿ, ನಿಮ್ಮ ಎಲ್ಡರ್, ಅಂದರೆ ನಿಮ್ಮ ಮನೆ ನೋಡಿಕೊಳ್ಳುವ ಸಭಾಹಿರಿಯರು, ಯಾರು? ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ. ನನಗೆ ಇದು ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯುವುದು ಬೇಡ.

ಇಲ್ಲಿ ಸಭೆಯನ್ನು ನಡೆಸುವುದು ಕರ್ಕ್ ಸೆಷನ್. ಅಂದರೆ ಎಲ್ಡರ್‌ಗಳು ಮತ್ತು ಅಯ್ಯನವರು ಕೂತು ಮಾತಾಡುವ ಕೂಟ. ಸದಸ್ಯರ ಮನೆಗಳನ್ನು ಎಲ್ಡರ್‌ಗಳು ಹಂಚಿಕೊಂಡಿರುತ್ತಾರೆ, ಒಬ್ಬೊಬ್ಬರಿಗೆ ಇಷ್ಟಿಷ್ಟು ಮನೆ ಅಂತ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಬರುವ ಮುಂಚೆ ಅವರು ಮನೆಮನೆಗೆ ಹೋಗಿ ಒಂದು ಕಾರ್ಡ್ ಕೊಟ್ಟು ಬರುವುದು ಹಳೇ ಪದ್ಧತಿ. ಎಲ್ಲ ಕಡೆ ಈಗ ಅದು ಮೊದಲಿನಷ್ಟು ಚೊಕ್ಕವಾಗಿ ನಡೆಯುವುದಿಲ್ಲ. ಆದರೂ ನಮ್ಮೂರಲ್ಲಿ ಅಯ್ಯನವರು ಮಾಡುವ ಅರ್ಧ ಕೆಲಸ ಇಲ್ಲಿ ಎಲ್ಡರ್ ಮೇಲಿದೆ. ನೀವು ಅಯ್ಯನವರ ದಾರಿ ಕಾಯುತ್ತಿದ್ದೀರಿ, ಬರಬೇಕಾದವರು ಬೇರೆ.

ಇನ್ನೊಂದು ವಿಷಯ. ನೀವು ಎಂಟು ತಿಂಗಳು ಬಂದು ಹೋಗಿರಬಹುದು, ಆದರೆ ಹೆಸರು, ವಿಳಾಸ ಬರೆಸಿದ್ದೀರಾ? ಸೆಷನ್ ಕ್ಲರ್ಕ್ ಅಂತ ಒಬ್ಬರು ಇರುತ್ತಾರೆ. ಹೆಸರು ಕೇಳಿ ಗುಮಾಸ್ತರು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಎಲ್ಡರ್‌ಗಳಲ್ಲೇ ಒಬ್ಬರು, ಸಭೆಯ ಎಲ್ಲ ವಿಷಯ ಗೊತ್ತಿರುವವರು. ಅವರ ಹತ್ತಿರ ಹೋಗಿ, ಸದಸ್ಯಳಾಗಬೇಕು ಅನ್ನಿ. ಧಾರವಾಡದ ಅಯ್ಯನವರಿಂದ ಸಭೆಯ ಪತ್ರ ತರಿಸಿಕೊಳ್ಳಿ. ಅದು ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ನಾನು ಯಾರ ಮಗಳು, ಎಲ್ಲಿ ದೀಕ್ಷಾಸ್ನಾನ ಆಯಿತು ಅಂತ ಒಂದು ಕಾಗದದ ಮೇಲೆ ಬರೆದಿತ್ತು.

ಅಯ್ಯನವರು ಯಾಕೆ ಬಂದಿಲ್ಲ ಅನ್ನುವುದೂ ಅರ್ಥವಾಗಬೇಕು. ನಮ್ಮಲ್ಲಿ ಬಿಷಪ್ಪರು ವರ್ಗ ಮಾಡಿದರೆ ಜೂನ್‌ನಲ್ಲಿ ಹೊಸಬರು ಬಂದುಬಿಡುತ್ತಾರೆ. ಇಲ್ಲಿ ಬಿಷಪ್ ಇಲ್ಲ. ಸಭೆಯೇ ಸಮಿತಿ ಮಾಡಿ ಹುಡುಕಬೇಕು, ಪ್ರಸಂಗ ಕೇಳಬೇಕು, ಓಟು ಹಾಕಬೇಕು. ಅದಕ್ಕೂ ಮೊದಲು ಪ್ರೆಸ್ಬಿಟರಿಯ, ಅಂದರೆ ಆ ಪ್ರದೇಶದ ಸಭೆಗಳ ಮೇಲಿನ ಮಂಡಳಿಯ, ಒಪ್ಪಿಗೆ ಬೇಕು. ಅಲ್ಲಿವರೆಗೆ ಹೊರಗಿನ ಒಬ್ಬರು ಇಂಟರಿಮ್ ಮಾಡರೇಟರ್ ಆಗಿ ನೋಡಿಕೊಳ್ಳುತ್ತಾರೆ. ಅವರಿಗೆ ಅವರದೇ ಸಭೆ, ಅವರದೇ ಕೆಲಸ ಇರುತ್ತದೆ. 2021ರ ಜನರಲ್ ಅಸೆಂಬ್ಲಿಯಲ್ಲಿ, ಅಂದರೆ ಇಡೀ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆಯಲ್ಲಿ, ಒಂದು ತೀರ್ಮಾನವಾಯಿತು. ಅಂದಿನಿಂದ ಪ್ರತಿ ಪ್ರೆಸ್ಬಿಟರಿಯೂ ಯೋಜನೆ ಹಾಕಿ ಸಭೆಗಳನ್ನು ಒಂದುಗೂಡಿಸುತ್ತಿದೆ, ಕಟ್ಟಡಗಳನ್ನು ಮಾರುತ್ತಿದೆ. ನಿಮ್ಮ ಪಕ್ಕದ ಸಾಲಿನ ಅಜ್ಜಿ ಮದುವೆಯಾದ, ಗಂಡನನ್ನು ಕಳಿಸಿಕೊಟ್ಟ ಗುಡಿ ಅದೇ ಇರಬಹುದು. ಅವರೂ ನೋವಿನಲ್ಲಿದ್ದಾರೆ. ತೋರಿಸುವುದಿಲ್ಲ, ಅಷ್ಟೇ.

ನನ್ನ ಕಥೆ ಹೇಳುತ್ತೇನೆ. ಬಂದ ಎರಡನೇ ಚಳಿಗಾಲ ಅಪ್ಪ ತೀರಿಕೊಂಡರು. ಉಡುಪಿಗೆ ಹೋಗಿ ಮಣ್ಣು ಮಾಡಿ ಹತ್ತೇ ದಿನಕ್ಕೆ ವಾಪಸ್ ಬಂದೆ. ಮೂರು ಭಾನುವಾರ ಸಭೆಗೆ ಹೋದೆ, ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಅಂತ ಒಳಗೊಳಗೇ ಸಿಟ್ಟು. ನಾಲ್ಕನೇ ಭಾನುವಾರ ಆರಾಧನೆ ಆದ ಮೇಲೆ ಟೀ ಕುಡಿಯುವಾಗ ಒಬ್ಬ ಅಜ್ಜಿ, ರಜೆ ಚೆನ್ನಾಗಿತ್ತಾ ಅಂತ ಕೇಳಿದರು. ನನಗೆ ತಡೆಯಲಾಗಲಿಲ್ಲ. ಅಪ್ಪನ ಸಂಸ್ಕಾರಕ್ಕೆ ಹೋಗಿದ್ದೆ ಅಂದೆ. ಅವರು ಕಪ್ಪು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ಏನೂ ಮಾತಾಡಲಿಲ್ಲ.

ಆ ವಾರ ಅಂಚೆಯಲ್ಲಿ ಒಂಬತ್ತು ಕಾರ್ಡ್ ಬಂದವು. ಎಲ್ಲದರಲ್ಲೂ ಕೈಬರಹ. ಬುಧವಾರ ಒಬ್ಬರು ಬೇಳೆ ಸೂಪಿನ ಪಾತ್ರೆ ತಂದರು. ಒಗ್ಗರಣೆ ಹಾಕದ ತೊವ್ವೆಯ ಹಾಗಿತ್ತು. ಅಪ್ಪ ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡಿದ್ದು ಅವತ್ತೇ. ಮುಂದಿನ ಭಾನುವಾರ ಪ್ರಾರ್ಥನೆಯಲ್ಲಿ ಅಪ್ಪನ ಹೆಸರು ಹೇಳಿದರು. ಉಚ್ಚಾರ ತಪ್ಪಾಗಬಾರದು ಅಂತ ಎಲ್ಡರ್ ಹಿಂದಿನ ದಿನ ಫೋನ್ ಮಾಡಿ ಎರಡು ಸಲ ಹೇಳಿಸಿಕೊಂಡಿದ್ದರು.

ಆಗ ನನಗೆ ಅರ್ಥವಾಯಿತು. ಇಲ್ಲಿಯವರು ಕರೆಯದೆ ಮನೆಗೆ ಹೋಗುವುದನ್ನು ಒರಟುತನ ಅಂದುಕೊಳ್ಳುತ್ತಾರೆ. ನಾವು ಬರದೇ ಇರುವುದನ್ನು ಒರಟುತನ ಅಂದುಕೊಳ್ಳುತ್ತೇವೆ. ಹೀಗೆ ಇಬ್ಬರೂ ಬಾಗಿಲ ಎರಡು ಕಡೆ ನಿಂತಿರುತ್ತೇವೆ. ಅದಕ್ಕೇ ಹೇಳುವುದು, ಬಾಯಿ ಬಿಟ್ಟು ಹೇಳಿ. ‘ನನ್ನ ಅಮ್ಮನಿಗೆ ಡಯಾಲಿಸಿಸ್ ಆಗುತ್ತಿದೆ, ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ, ನೀವು ಮಾಡಿ.’ ಇಷ್ಟೇ ಸಾಕು. ನಾವು ಸುಮ್ನೆ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಒಂದು ಸಣ್ಣ ಕೆಲಸವನ್ನೂ ಕೇಳಿ ಪಡೆದುಕೊಳ್ಳಿ. ಟೀ ಪಾಳಿ ನಿಮ್ಮ ಡ್ಯೂಟಿಗೆ ಹೊಂದದಿರಬಹುದು. ಭಾನುವಾರ ಮುಂದೆ ಇಟ್ಟಿರುವ ಹೂವನ್ನು ಆರಾಧನೆ ಆದ ಮೇಲೆ ಕಾಯಿಲೆಯವರ ಮನೆಗೆ ಕೊಂಡೊಯ್ಯುವ ಪದ್ಧತಿ ಇದೆ, ನೋಡಿರಬಹುದು. ನಾನು ಅದೇ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಹೂವು ಕೊಡಲು ಹೋಗುತ್ತಿದ್ದೆ. ಒಂದು ವರ್ಷದಲ್ಲಿ ಇಪ್ಪತ್ತು ಮನೆಯ ಒಳಗೆ ಕೂತು ಮಾತಾಡಿದೆ. ನನ್ನ ಮನೆಗೆ ಯಾರೂ ಬರಲ್ಲ ಅನ್ನುವ ದೂರು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಕರ್ತನ ಭೋಜನದ ದಿನ ಒಂದನ್ನು ಗಮನಿಸಿ. ನಮ್ಮಲ್ಲಿ ಎದ್ದು ಹೋಗಿ ಮೊಣಕಾಲೂರಿ ಅಯ್ಯನವರ ಕೈಯಿಂದ ತೆಗೆದುಕೊಳ್ಳುತ್ತೇವೆ. ಇಲ್ಲಿ ಹಲವು ಸಭೆಗಳಲ್ಲಿ ರೊಟ್ಟಿಯ ತಟ್ಟೆ, ಪುಟ್ಟ ಪುಟ್ಟ ಲೋಟಗಳ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ. ಪಕ್ಕದವರು ನಿಮಗಾಗಿ ತಟ್ಟೆ ಹಿಡಿಯುತ್ತಾರೆ, ನೀವು ಮುಂದಿನವರಿಗೆ ಹಿಡಿಯುತ್ತೀರಿ. ಮೊದಮೊದಲು ನನಗೆ ಅದು ರುಚಿಸಲಿಲ್ಲ, ಭಕ್ತಿ ಕಮ್ಮಿ ಅನಿಸಿತು. ಈಗ ಆ ಕ್ಷಣಕ್ಕಾಗಿಯೇ ಕಾಯುತ್ತೇನೆ. ನಡುಗುವ ಕೈಯ ಆ ಅಜ್ಜಿ ನನಗೆ ತಟ್ಟೆ ಹಿಡಿದಾಗ ನನ್ನ ನಂಬಿಕೆಗೆ ಸಿಗುವ ಬಲ ಯಾವ ದೊಡ್ಡ ಕೂಟದಲ್ಲೂ ಸಿಕ್ಕಿಲ್ಲ.

ಗದಗದವನು, ಐಜಾಲ್‌ನಲ್ಲಿ ಐದು ವರ್ಷ ಇದ್ದೆ

ನನ್ನ ಅನುಭವ ಪೂರ್ತಿ ಉಲ್ಟಾ. ಬ್ಯಾಂಕಿನವರು ಮಿಜೋರಾಂಗೆ ವರ್ಗ ಮಾಡಿದರು. ಅಲ್ಲಿ ಪ್ರೆಸ್ಬಿಟೇರಿಯನ್ ಸಭೆ ಅಂದರೆ ಊರಿಗೆ ಊರೇ. 1894ರಲ್ಲಿ ಇಬ್ಬರು ಮಿಷನರಿಗಳು ಬಂದರು, 1897ರಿಂದ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಮಿಷನ್ ಕೆಲಸ ಮುಂದುವರಿಸಿತು. ಭಾನುವಾರ ಅಂಗಡಿ ಬಾಗಿಲೇ ತೆರೆಯುವುದಿಲ್ಲ. ವಾರದ ಮಧ್ಯದಲ್ಲೂ ರಾತ್ರಿ ಕೂಟಗಳು. ನನಗೆ ಮಿಜೋ ಭಾಷೆಯ ಒಂದು ಅಕ್ಷರ ಬರುತ್ತಿರಲಿಲ್ಲ. ಸಾವಿರ ಜನರ ನಡುವೆ ಒಂಟಿ.

ಎರಡು ಸಂಗತಿ ನನ್ನನ್ನು ಉಳಿಸಿದವು. ಒಂದು ಹಾಡು. ಅವರು ಟಾನಿಕ್ ಸೋಲ್ಫಾ (ಡೊ, ರೆ, ಮಿ ಅಕ್ಷರಗಳಲ್ಲಿ ಬರೆದ ಸ್ವರಲಿಪಿ) ನೋಡಿ ನಾಲ್ಕು ದನಿಯಲ್ಲಿ ಹಾಡುತ್ತಾರೆ. ಅದನ್ನು ಗದಗದ ಸಭೆಯ ಕಾಯರ್‌ನಲ್ಲಿ ನಮ್ಮಪ್ಪ ನನಗೆ ಕಲಿಸಿದ್ದರು. ಮಾತು ಗೊತ್ತಿಲ್ಲದಿದ್ದರೂ ಬೇಸ್ ದನಿ ಹಿಡಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿ ಪುಸ್ತಕ ನನ್ನ ಕಡೆ ಸರಿಸಿದರು. ಮುಂದಿನ ವಾರದಿಂದ ನನಗೆ ಜಾಗ ಹಿಡಿದಿಡುತ್ತಿದ್ದರು.

ಎರಡನೆಯದು ಹಿಡಿ ಅಕ್ಕಿ. ಅವರು ಅದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ. ಸಭೆಯ ಹೆಂಗಸರು ಅದನ್ನು ಕೂಡಿಸಿ ಮಾರುತ್ತಾರೆ, ಹಣ ಸೇವೆಗೆ ಹೋಗುತ್ತದೆ. 1910ರಿಂದ ನಡೆದುಬಂದಿದೆ. ಮನೆ ಮಾಲೀಕರ ಹೆಂಡತಿ ಒಂದು ಡಬ್ಬಿ ತಂದು ನನ್ನ ಅಡುಗೆಮನೆಯಲ್ಲೂ ಇಟ್ಟರು. ಒಬ್ಬನೇ ಅಡುಗೆ ಮಾಡಿಕೊಂಡು ಉಣ್ಣುವವನು ನಾನು. ಆದರೆ ದಿನಕ್ಕೆ ಎರಡು ಸಲ ಆ ಡಬ್ಬಿ ಮುಟ್ಟುವಾಗ ನಾನೂ ಇವರವನು ಅನಿಸುತ್ತಿತ್ತು. ಪ್ರಾರ್ಥನೆಗೆ ಮಾತು ಬರದ ದಿನಗಳು ನನಗೂ ಇದ್ದವು ತಂಗಿ. ಆ ದಿನ ಅಕ್ಕಿ ಹಾಕುತ್ತಿದ್ದೆ. ಅದೇ ನನ್ನ ಪ್ರಾರ್ಥನೆ ಅಂತ ದೇವರು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ ಅಂತ ನಂಬಿದ್ದೇನೆ.

ಮಂಗಳೂರು ಕಡೆಯವಳು, ಬೆಲ್‌ಫಾಸ್ಟ್‌ನಲ್ಲಿ

ನಾನು ಸಣ್ಣ ಸಭೆ ಬಿಟ್ಟು ದೊಡ್ಡದಕ್ಕೆ ಹೋದವಳು. ಇದನ್ನೂ ಯಾರಾದರೂ ಹೇಳಬೇಕು. ನಮ್ಮ ಇಬ್ಬರು ಮಕ್ಕಳಿಗೆ ಅಲ್ಲಿ ಜೊತೆಗಾರರೇ ಇರಲಿಲ್ಲ. ಸಂಡೇ ಸ್ಕೂಲ್ ನಿಂತೇ ಹೋಗಿತ್ತು. ಎರಡು ವರ್ಷ ಕಾದೆವು. ಹೋಗುವಾಗ ಯಾರಿಗೂ ಹೇಳದೆ ಜಾರಿಕೊಳ್ಳಲಿಲ್ಲ. ನಮ್ಮ ಎಲ್ಡರ್ ಮನೆಗೆ ಹೋಗಿ ಕೂತು ಹೇಳಿದೆವು. ಅವರು ಬೇಜಾರಾದರು, ಆದರೆ ನಮಗಾಗಿ ಪ್ರಾರ್ಥಿಸಿಯೇ ಕಳಿಸಿದರು. ದೊಡ್ಡ ಸಭೆಯಲ್ಲಿ ಮಕ್ಕಳು ಅರಳಿದರು. ನಾನು ಮಾತ್ರ ಒಂದು ವರ್ಷ ಗುಂಪಿನಲ್ಲಿ ಗೋವಿಂದ. ಅಲ್ಲೂ ಕೊನೆಗೆ ಜೀವ ಬಂದಿದ್ದು ಎಂಟು ಜನರ ಮನೆಕೂಟ ಸೇರಿದ ಮೇಲೆಯೇ. ಬಿಟ್ಟು ಹೋಗುವುದು ಪಾಪವಲ್ಲ. ಆದರೆ ಇಲ್ಲಿ ಹೇಳದ ನೋವನ್ನು ಅಲ್ಲಿ ಹೋದರೂ ಯಾರಿಗಾದರೂ ಹೇಳಲೇಬೇಕು.

ಬೆಂಗಳೂರಿನಿಂದ, ನಿವೃತ್ತ ಶಿಕ್ಷಕ

ಮಗಳೇ, ನಾನು ಒಂದು ಸಭೆಯ ಕಮಿಟಿಯಲ್ಲಿ 14 ವರ್ಷ ಇದ್ದವನು. ಈ ಕಡೆಯ ಮಾತನ್ನೂ ಕೇಳು.

ನಮ್ಮಲ್ಲಿ ಒಬ್ಬ ಹುಡುಗ ಬರುತ್ತಿದ್ದ. ಕಲಬುರಗಿ ಕಡೆಯವನು, ಪಿಜಿಯಲ್ಲಿದ್ದ. ಹಿಂದಿನ ಬೆಂಚಿನಲ್ಲಿ ಕೂತು ಆಶೀರ್ವಾದ ಮುಗಿಯುತ್ತಲೇ ಎದ್ದು ಹೋಗುವವನು. ಅವನು ಬರುವುದು ನಿಂತು ಎರಡು ತಿಂಗಳಾದರೂ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಕೆಲಸ ಹೋಗಿತ್ತು, ಜ್ವರ ಬಂದು ಮಲಗಿದ್ದ, ಊರಿಗೆ ಹೋಗಿಬಿಟ್ಟಿದ್ದ. ಹತ್ತಾರು ಸಲ ಅವನ ಕೈಕುಲುಕಿದ್ದೆ, ಫೋನ್ ನಂಬರ್ ಕೇಳಿರಲಿಲ್ಲ. ಆ ತಪ್ಪು ನನ್ನದು. ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಹೊಸಬರ ಹೆಸರು, ಊರು, ನಂಬರ್, ಅವರು ಹೇಳಿಕೊಂಡ ಕಷ್ಟ. ಶನಿವಾರ ಸಂಜೆ ಅದರಲ್ಲಿ ಐದು ಜನಕ್ಕೆ ಫೋನ್. ಹೆಚ್ಚೇನಿಲ್ಲ, ‘ಹೇಗಿದ್ದೀರಿ, ನಾಳೆ ಬರ್ತೀರಾ?’ ಅಂತ. ಎಷ್ಟೋ ಜನ ಆ ಒಂದು ಮಾತಿಗೆ ಅತ್ತಿದ್ದಾರೆ. ಸಭಾಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಶುರು ಮಾಡಿ.

ಇನ್ನೊಂದು, ನೀನು ಅಲ್ಲಿ ಪರಕೀಯಳಲ್ಲ. ನಮ್ಮ ಸಿಎಸ್‌ಐನ ಒಂದು ಬೇರು ಪ್ರೆಸ್ಬಿಟೇರಿಯನ್ನೇ. 1908ರಲ್ಲಿ ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲಿಸ್ಟರು ಸೇರಿ ದಕ್ಷಿಣ ಭಾರತ ಐಕ್ಯ ಸಭೆ ಆಯಿತು. ಅದು 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರ, ಮೆಥೊಡಿಸ್ಟರ ಜೊತೆ ಸೇರಿ ಸಿಎಸ್‌ಐ ಆಯಿತು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಗುಡಿಯನ್ನು ಸ್ಕಾಟ್ಲೆಂಡಿನವರೇ ಕಟ್ಟಿದ್ದು, ಅಡಿಗಲ್ಲು ಹಾಕಿದ್ದು 1864ರಲ್ಲಿ. ಈಗಲೂ ಹಳಬರು ಅದಕ್ಕೆ ಕರ್ಕ್ ಅನ್ನುತ್ತಾರೆ, ಸ್ಕಾಟ್ಲೆಂಡಿನವರ ಮಾತಿನಲ್ಲಿ ಚರ್ಚ್ ಅಂತ ಅರ್ಥ. ಅವರು ಇಲ್ಲಿಗೆ ಬಂದಾಗ ಅವರಿಗೂ ಬಿಸಿಲು, ಭಾಷೆ, ಒಂಟಿತನ ಎಲ್ಲ ಇತ್ತು. ಈಗ ನೀನು ಅವರ ಊರಲ್ಲಿದ್ದೀಯ. ಅಲ್ಲಿಯ ಮುದುಕರಿಗೆ ನಿನ್ನ ಅಗತ್ಯ ನಿನಗೆ ಅವರದಕ್ಕಿಂತ ಜಾಸ್ತಿಯೇ ಇರಬಹುದು.

ಹುಬ್ಬಳ್ಳಿಯಿಂದ, ಸ್ತ್ರೀಯರ ಕೂಟದವಳು

ನಮ್ಮ ಕೂಟ ಗುರುವಾರ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್‌ನಲ್ಲಿ ಪ್ರಾರ್ಥನೆ ಮಾಡುತ್ತದೆ. ಚಳಿಗಾಲದಲ್ಲಿ ನಿಮಗೆ ಅದು ಮಧ್ಯಾಹ್ನ ಮೂರು ಗಂಟೆ, ಬೇಸಿಗೆಯಲ್ಲಿ ನಾಲ್ಕು. ನೀವು ನಿದ್ದೆ ಮುಗಿಸಿ ಏಳುವ ಹೊತ್ತು, ಅಲ್ವಾ? ಮಾತಾಡಬೇಕಾಗಿಲ್ಲ. ಕ್ಯಾಮೆರಾ ಆಫ್ ಮಾಡಿ ಕೇಳಿದರೂ ಸಾಕು. ಅಮ್ಮನಿಗೆ ಯಾವ ಯಾವ ದಿನ ಡಯಾಲಿಸಿಸ್ ಅಂತ ಹೇಳಿ. ನಮ್ಮಲ್ಲಿ ಇಬ್ಬರು ಧಾರವಾಡದಲ್ಲೇ ಇದ್ದಾರೆ, ಹೋಗಿ ಜೊತೆಗೆ ಕೂತು ಬರುತ್ತಾರೆ.

ಧಾರವಾಡದವಳು, ಎರಡು ವಾರದ ನಂತರ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಉಡುಪಿಯ ಅಕ್ಕ ಹೇಳಿದ ಹಾಗೆ ಸೆಷನ್ ಕ್ಲರ್ಕ್ ಹತ್ತಿರ ಹೋಗಿ ಹೆಸರು ಹೇಳಿದೆ. ಅವರು ಪುಸ್ತಕ ತೆಗೆದು, ‘ನಿಮ್ಮ ವಿಳಾಸ ನಮ್ಮಲ್ಲಿದೆಯಲ್ಲ, ಎಲ್ಡರ್ ಎರಡು ಸಲ ಬಂದಿದ್ದರಂತೆ’ ಅಂದರು. ನನಗೆ ನಂಬಿಕೆಯಾಗಲಿಲ್ಲ. ಮನೆಗೆ ಬಂದು ಬಾಗಿಲ ಹಿಂದಿನ ಬುಟ್ಟಿ ಸುರಿದು ಹುಡುಕಿದೆ. ಪಿಜ್ಜಾ ಜಾಹೀರಾತಿನ ಕಾಗದಗಳ ನಡುವೆ ಎರಡು ಬಿಳಿ ಲಕೋಟೆ ಇದ್ದವು. ಒಂದು ಮಾರ್ಚ್‌ನದು. ರಾತ್ರಿ ಡ್ಯೂಟಿ ಮುಗಿಸಿ ನಾನು ಮಲಗಿದ್ದಾಗ ಬಂದಿರಬೇಕು. ‘ಬೆಲ್ ಮಾಡಿ ನಿದ್ದೆ ಕೆಡಿಸಲು ಮನಸ್ಸಾಗಲಿಲ್ಲ. ಬೇಕಾದಾಗ ಫೋನ್ ಮಾಡಿ’ ಅಂತ ನಂಬರ್ ಬರೆದಿದ್ದಾರೆ.

ಫೋನ್ ಮಾಡಿದೆ. ಅಮ್ಮನ ವಿಷಯ ಹೇಳಿದೆ. ಭಾನುವಾರ ಅಮ್ಮನ ಹೆಸರು ಪ್ರಾರ್ಥನೆಯಲ್ಲಿ ಬಂತು. ಅದನ್ನು ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಮೂರು ಸಲ ಕೇಳಿದರಂತೆ. ಅವತ್ತು ಅವರ ಪಕ್ಕದಲ್ಲಿ ಹುಬ್ಬಳ್ಳಿ ಅಕ್ಕ ಕಳಿಸಿದವರು ಕೂತಿದ್ದರು.

ನಗರದ ಸಭೆಗೆ ತಿಂಗಳಿಗೊಮ್ಮೆ ಸಂಜೆ ಹೋಗಿ ಬರೋಣ ಅಂದುಕೊಂಡಿದ್ದೇವೆ. ಬೆಳಗಿನ ಆರಾಧನೆ ಇಲ್ಲೇ. ಮಂಗಳವಾರ ಮಧ್ಯಾಹ್ನ ನಮ್ಮ ಎಲ್ಡರ್ ಟೀಗೆ ಬರುತ್ತಿದ್ದಾರೆ. ಉಪ್ಪಿಟ್ಟು ಮಾಡಿದರೆ ತಿನ್ನುತ್ತಾರಾ ಅಕ್ಕ, ಹಸಿಮೆಣಸಿನಕಾಯಿ ಎಷ್ಟು ಹಾಕಲಿ?