ಸಹಾಯ ಬೇಕು: ಪಿಕಪ್‌ನ ಟೈರ್ ಹವಾ ದೀಪ ಆರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳ್ಳಿಯಿಂದ ಕಲಬುರಗಿ ಗಂಜ್‌ಗೆ ತೊಗರಿ ತರುವ ನನ್ನ ಪಿಕಪ್ 2017ರದು. ಹದಿನೈದು ದಿನದಿಂದ ಟೈರ್ ಹವಾದ ಹಳದಿ ದೀಪ ಆರುತ್ತಲೇ ಇಲ್ಲ.

ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನಾಲ್ಕಕ್ಕೂ ಹವಾ ನೋಡಿಸಿದೆ. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಇದೆ. ಸೋಪಿನ ನೀರು ಹಾಕಿ ವಾಲ್ವ್ ನೋಡಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ರೀಸೆಟ್ ಮಾಡಿ ಜೇವರ್ಗಿವರೆಗೆ ಹೋಗಿ ಬಂದೆ. ದೀಪ ಹಾಗೇ ಇದೆ.

ಗೊಂದಲ ಇಲ್ಲಿದೆ. ಕೀ ತಿರುಗಿಸಿದಾಗ ದೀಪ ಒಂದು ನಿಮಿಷದಷ್ಟು ಮಿಟುಕುತ್ತದೆ, ಆಮೇಲೆ ಒಂದೇ ಸಮ ಉರಿಯುತ್ತದೆ. ಹೀಗಾದರೆ ಹವಾ ಕಡಿಮೆ ಅಂತಲ್ಲ, ಚಕ್ರದೊಳಗೆ ಹವಾ ಅಳೆಯುವ ಸೆನ್ಸರ್ ಕೆಟ್ಟಿದೆ ಅಂತ ಗಾಡಿಯ ಪುಸ್ತಕದಲ್ಲಿದೆ. ಆದರೆ ಯಾವ ಚಕ್ರದ್ದು? ಹೋದ ತಿಂಗಳು ಹಿಂದಿನ ಎಡಗಡೆ ಟೈರ್ ಬಿಚ್ಚಿ ಪಂಚರ್ ಹಾಕಿಸಿದ್ದೆ, ಆಗ ಏಟು ಬಿತ್ತೋ ಏನೋ. ಇಲ್ಲಾ ಸೆನ್ಸರ್ ಒಳಗಿನ ಬ್ಯಾಟರಿಯೇ ಮುಗಿದಿರಬಹುದು, ಇಷ್ಟು ವರ್ಷ ಆಯ್ತಲ್ವಾ. ಅಂಗಡಿಯವರು ನಾಲ್ಕೂ ಸೆನ್ಸರ್ ಹೊಸದು ಹಾಕಿಸಿ ಅಂತಾರೆ. ಅಷ್ಟು ದುಡ್ಡು ಈಗ ಕಷ್ಟ. ಸುಮ್ನೆ ಬಿಡೋಕೂ ಆಗಲ್ಲ, ನಮ್ಮ ಬಿಸಿಲಲ್ಲಿ ಲೋಡ್ ಗಾಡಿ ಟೈರ್ ಒಡೆದರೆ ಜೀವಕ್ಕೇ ಅಪಾಯ.

ಟೈರ್ ಬಿಚ್ಚದೆ ಒಂದೊಂದೇ ಸೆನ್ಸರ್ ಪರೀಕ್ಷಿಸುವ ಸ್ಕ್ಯಾನರ್ ಕಲಬುರಗಿ ಅಥವಾ ಬೀದರ್‌ನಲ್ಲಿ ಎಲ್ಲಿ ಸಿಗುತ್ತದೆ? ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಕಾ?